ಸತ್ಯಕಾಮನ ಹಸುಗಳು, ಉಪಕೋಸಲನ ಅಗ್ನಿಗಳು: ಮಾಡಿ ಕಲಿಯುವ ಶಾಲೆಯೂ ಅಧಿಕಾರದ ಪ್ರಶ್ನೆಯೂ

ಕಲಿತ ವಿದ್ಯೆ ಕಲಿತವರ ಯಾವ ಅಂಗದಲ್ಲಿ ನೆಲೆನಿಲ್ಲುತ್ತದೆ ಎಂಬುದನ್ನು ಹೇಳಲು ಕನ್ನಡದಲ್ಲಿ ಹಲವು ಮಾತುಗಳಿವೆ. ಮಗ್ಗಿಯೋ ಶ್ಲೋಕವೋ ತಡವರಿಸದೆ ನಾಲಿಗೆಗೆ ಬಂದರೆ ಅದು ಕಂಠಸ್ಥ ಅಥವಾ ಬಾಯಿಪಾಠ. ವೀಣೆಯೋ ಮರಗೆಲಸವೋ ವಶವಾದರೆ ಅದು ಕರಗತ, ಎಂದರೆ ಕೈಯನ್ನು ಸೇರಿದ್ದು. ಅರ್ಥವು ಸಂದೇಹಕ್ಕೆ ಎಡೆಯಿಲ್ಲದಂತೆ ಒಳಗಿಳಿದರೆ ಅದು ಮನದಟ್ಟು. ಈ ಮೂರರಲ್ಲಿ ಯಾವುದರಿಂದ ಯಾವುದಕ್ಕೆ ದಾರಿ ಎಂಬ ವಿಚಾರದಲ್ಲಿ ಶಾಲೆಗಳು ಎರಡು ಪಂಗಡಗಳಾಗಿ ನಿಂತಿವೆ. ಪಠ್ಯಪುಸ್ತಕ, ಪಾಠ ಮತ್ತು ಪರೀಕ್ಷೆಗಳನ್ನು ನೆಚ್ಚಿದ ಸಾಮಾನ್ಯ ಶಾಲೆಯು ಬಾಯಿಯ ಮೂಲಕ ಮನಸ್ಸನ್ನು ತಲುಪಬಹುದೆಂದು ನಂಬುತ್ತದೆ. ಮಗು ಮುಟ್ಟಿ, ಅಳೆದು, ನೆಟ್ಟು, ನೇಯ್ದು, ಬೇಯಿಸಿ ಕಲಿಯಬೇಕೆನ್ನುವ ಪರ್ಯಾಯ ಶಾಲೆಯು ಕೈಯನ್ನು ಬಳಸಿ ಬಂದರೆ ಮಾತ್ರ ಮನಸ್ಸಿನ ಬಾಗಿಲು ಸಿಗುತ್ತದೆಂದು ನಂಬುತ್ತದೆ. ಇಂಥ ಶಾಲೆ ತಮ್ಮ ಮಗುವಿಗೆ ಹೊಂದುತ್ತದೆಯೇ ಎಂದು ಯೋಚಿಸುವ ತಂದೆತಾಯಿಗಳು ಶುಲ್ಕ, ದೂರ ಮತ್ತು ಮುಂದೆ ಬರುವ ಹತ್ತನೆಯ ತರಗತಿಯ ಪರೀಕ್ಷೆ ಇವುಗಳ ಲೆಕ್ಕವನ್ನು ಹಾಕುತ್ತಾರೆ, ಮತ್ತು ಆ ಲೆಕ್ಕ ಹಾಕಲೇಬೇಕಾದದ್ದು. ಆದರೆ ‘ಹೊಂದುವುದು’ ಎಂದರೇನು, ಹೊಂದಿಕೆ ಮಗುವಿನಲ್ಲಿ ಮೊದಲೇ ಇರುವ ಗುಣವೋ ಅಥವಾ ಕಲಿಯುತ್ತ ಕಲಿಯುತ್ತ ಹುಟ್ಟುವ ಸಂಬಂಧವೋ, ಮತ್ತು ಇನ್ನೂ ತಾನು ಯಾರಾಗುವೆನೆಂದು ತಿಳಿಯದ ಒಂದು ಜೀವದ ಪರವಾಗಿ ಅದನ್ನು ನಿರ್ಧರಿಸುವ ಹಕ್ಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳು ಆ ಲೆಕ್ಕಕ್ಕೆ ಸಿಗದೆ ಉಳಿಯುತ್ತವೆ.

ಭಾರತೀಯ ಶಾಸ್ತ್ರಪರಂಪರೆ ಈ ಪ್ರಶ್ನೆಯನ್ನು ‘ಅಧಿಕಾರ’ ಎಂಬ ಪದದ ಅಡಿಯಲ್ಲಿ ಎತ್ತಿಕೊಂಡಿತು. ಇಲ್ಲಿ ಅಧಿಕಾರವೆಂದರೆ ಆಳುವ ಬಲವಲ್ಲ. ಒಂದು ವಿದ್ಯೆಗೆ ತಕ್ಕ ಅರ್ಹತೆ, ಅದನ್ನು ಪಡೆದವನು ಅಧಿಕಾರಿ. ವೇದಾಂತದ ಗ್ರಂಥವೊಂದು ಆರಂಭವಾಗುವಾಗ ಅದು ಯಾರಿಗಾಗಿ, ಯಾವ ವಿಷಯವನ್ನು ಕುರಿತು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಿದರೆ ಪ್ರಯೋಜನವೇನು ಎಂಬ ನಾಲ್ಕನ್ನು ಮೊದಲೇ ಹೇಳಿಕೊಳ್ಳಬೇಕೆಂಬ ನಿಯಮವಿತ್ತು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಂದಿನ ಶಾಲೆಯೊಂದು ತನ್ನ ಪರಿಚಯಪುಸ್ತಿಕೆಯಲ್ಲಿ ವಿಷಯವನ್ನೂ ಪ್ರಯೋಜನವನ್ನೂ ಧಾರಾಳವಾಗಿ ಹೇಳುತ್ತದೆ, ಆದರೆ ತಾನು ಯಾರಿಗೆ ತಕ್ಕುದು ಎಂಬುದನ್ನು, ಅದಕ್ಕಿಂತ ಹೆಚ್ಚಾಗಿ ಯಾರಿಗೆ ತಕ್ಕುದಲ್ಲ ಎಂಬುದನ್ನು, ಬಾಯಿಬಿಟ್ಟು ಹೇಳುವುದು ಅಪರೂಪ. ವೇದಾಂತಿಗಳ ವಿಚಾರದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ: ಅಧಿಕಾರಿಗೆ ಬೇಕಾದ ವಿವೇಕ, ವೈರಾಗ್ಯ, ಶಮದಮಾದಿಗಳು ಮತ್ತು ಮುಮುಕ್ಷುತ್ವ ಎಂಬ ನಾಲ್ಕನ್ನು ಅವರು ಸಾಧನಗಳೆಂದು ಕರೆದರು. ಸಾಧನವೆಂದ ಮೇಲೆ ಅದು ಸಾಧಿಸಿಕೊಳ್ಳುವಂಥದ್ದು, ಬೆಳೆಯುವಂಥದ್ದು. ಅರ್ಹತೆ ಇದ್ದವನೇ ಕಲಿಯಬಲ್ಲ, ಆದರೆ ಆ ಅರ್ಹತೆಯೂ ಕಲಿಯಲಿಕ್ಕೆ ಬರುವಂಥದ್ದು ಎಂಬ ಈ ಸುತ್ತು, ಐದಾರು ವರ್ಷದ ಮಗುವಿನ ಸ್ವಭಾವವನ್ನು ಒಂದು ಭೇಟಿಯಲ್ಲಿ ಅಳೆದು ತೀರ್ಪು ಕೊಡುವವರನ್ನು ತಡೆದು ನಿಲ್ಲಿಸಬೇಕು.

ಛಾಂದೋಗ್ಯ ಉಪನಿಷತ್ತಿನಲ್ಲಿ ಈ ವಿಚಾರವು ಸಿದ್ಧಾಂತವಾಗಿ ಬರುವುದಕ್ಕಿಂತ ಹೆಚ್ಚಾಗಿ ಶಿಷ್ಯರ ಕಥೆಗಳಾಗಿ ಬರುತ್ತದೆ. ತನ್ನ ಗೋತ್ರ ಯಾವುದೆಂದು ತಾಯಿಗೂ ತಿಳಿಯದು ಎಂಬ ಸತ್ಯವನ್ನು ಮರೆಮಾಚದೆ ಹೇಳಿದ ಸತ್ಯಕಾಮ ಜಾಬಾಲನನ್ನು ಗೌತಮ ಹಾರಿದ್ರುಮತನು ಶಿಷ್ಯನಾಗಿ ಸ್ವೀಕರಿಸಿ, ಪಾಠವನ್ನು ಆರಂಭಿಸುವ ಬದಲು, ಬಡಕಲಾದ 400 ಹಸುಗಳನ್ನು ಅವನಿಗೆ ಒಪ್ಪಿಸಿದನು. ಅವು 1,000 ಆಗುವವರೆಗೆ ಹಿಂತಿರುಗೆನೆಂದು ಹೊರಟ ಹುಡುಗನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ತಿಳಿಸಿದವರು ಕ್ರಮವಾಗಿ ಒಂದು ಹೋರಿ, ಅಗ್ನಿ, ಹಂಸ ಮತ್ತು ಮದ್ಗು ಎಂಬ ನೀರುಹಕ್ಕಿ. ಅದೇ ಉಪನಿಷತ್ತಿನ ಮತ್ತೊಬ್ಬ ಶಿಷ್ಯ ಶ್ವೇತಕೇತುವಿನ ದಾರಿ ಇದಕ್ಕೆ ತಿರುಗುಮುರುಗಾದದ್ದು. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕರಲ್ಲಿ ಸಕಲ ವೇದಗಳನ್ನೂ ಕಂಠಸ್ಥ ಮಾಡಿಕೊಂಡು ಬೀಗಿ ಬಂದ ಅವನಿಗೆ, ತಂದೆ ಉದ್ದಾಲಕ ಆರುಣಿಯು ಆಲದ ಹಣ್ಣನ್ನು ತರಿಸಿ ಒಡೆಸುತ್ತಾನೆ, ಒಳಗಿನ ಬೀಜವನ್ನೂ ಒಡೆಸಿ ಏನು ಕಾಣುತ್ತದೆಂದು ಕೇಳುತ್ತಾನೆ. ರಾತ್ರಿ ನೀರಿನಲ್ಲಿ ಉಪ್ಪನ್ನು ಹಾಕಿಸಿ ಬೆಳಿಗ್ಗೆ ಆ ನೀರನ್ನು ಮೇಲಿನಿಂದ, ನಡುವಿನಿಂದ, ತಳದಿಂದ ಕುಡಿಸಿ ರುಚಿ ಹೇಳಿಸುತ್ತಾನೆ. ಹದಿನೈದು ದಿನ ಬರಿಯ ನೀರಿನ ಮೇಲೆ ಇರಿಸಿ, ಹಸಿದ ಮೈಗೆ ಕಲಿತ ಋಕ್ಕುಗಳು ನೆನಪಿಗೆ ಬಾರವು ಎಂಬುದನ್ನು ಅವನ ಮೈಯಿಂದಲೇ ತಿಳಿಸುತ್ತಾನೆ. ಹನ್ನೆರಡು ವರ್ಷಗಳ ಬಾಯಿಪಾಠ ಮುಟ್ಟದೇ ಉಳಿದ ಜಾಗವನ್ನು ಹಣ್ಣು, ಉಪ್ಪು ಮತ್ತು ಹಸಿವು ಮುಟ್ಟಿದವು. ಆದರೂ ಉದ್ದಾಲಕನು ಪ್ರಯೋಗವನ್ನಷ್ಟೇ ಮಾಡಿಸಿ ಮಗನನ್ನು ಬಿಟ್ಟುಬಿಡಲಿಲ್ಲ. ಪ್ರತಿಯೊಂದು ಪ್ರಯೋಗದ ಕೊನೆಗೂ ಅದರ ಅರ್ಥವನ್ನು ಮಾತಿನಲ್ಲಿ ಹೇಳಿದನು, ಮಗನು ಮತ್ತೆ ಮತ್ತೆ ಇನ್ನೂ ಹೇಳಿರೆಂದು ಕೇಳಿದನು. ಕೈಯಿಂದ ಕಲಿಸುವ ಶಾಲೆಯನ್ನು ಮೆಚ್ಚುವವರು ಆಲದ ಹಣ್ಣನ್ನು ನೆನಪಿಟ್ಟುಕೊಂಡು ಆ ಕೊನೆಯ ಮಾತನ್ನು ಮರೆಯುವುದುಂಟು.

ಅಧಿಕಾರದ ವಿಚಾರಕ್ಕೆ ಒಂದು ಕರಾಳ ಮುಖವೂ ಇದೆ, ಮತ್ತು ಅದನ್ನು ಮುಚ್ಚಿಟ್ಟು ಈ ಪದವನ್ನು ಇಂದು ಬಳಸುವುದು ಪ್ರಾಮಾಣಿಕವಾಗದು. ಬ್ರಹ್ಮಸೂತ್ರಗಳ ಅಪಶೂದ್ರಾಧಿಕರಣ ಎಂಬ ಭಾಗವು ಶೂದ್ರರಿಗೆ ವೇದವಿದ್ಯೆಯ ಅಧಿಕಾರವಿಲ್ಲವೆಂದು ವಾದಿಸುವಾಗ ಸತ್ಯಕಾಮನ ಕಥೆಯನ್ನೇ ಸಾಕ್ಷಿಯಾಗಿ ಮುಂದಿಡುತ್ತದೆ; ಗೌತಮನು ಹುಡುಗನ ಸತ್ಯವಚನದಿಂದ ಅವನು ಶೂದ್ರನಲ್ಲವೆಂದು ನಿಶ್ಚಯಿಸಿಕೊಂಡ ಮೇಲೆಯೇ ಉಪನಯನಕ್ಕೆ ತೊಡಗಿದನೆಂಬುದು ಆ ವಾದ. ಬಾಗಿಲು ತೆರೆದ ಕಥೆಯನ್ನು ಬಾಗಿಲು ಮುಚ್ಚಲು ಬಳಸಿದ್ದು ಹೀಗೆ. ಮಹಾಭಾರತದ ಏಕಲವ್ಯನ ಪ್ರಸಂಗದಲ್ಲಿಯೂ ನಿಷಾದನ ಮಗನಿಗೆ ಈ ಶಾಲೆ ಹೊಂದದು ಎಂದು ತೀರ್ಮಾನಿಸಿದವನು ಗುರು. ಮಣ್ಣಿನ ಪ್ರತಿಮೆಯ ಮುಂದೆ ತಾನೇ ಸಾಧನೆ ಮಾಡಿ ವಿದ್ಯೆಯನ್ನು ಕರಗತ ಮಾಡಿಕೊಂಡ ಹುಡುಗನಿಂದ ಕೊನೆಗೆ ಕೇಳಲಾದದ್ದು ಅವನ ಬಲಗೈಯ ಹೆಬ್ಬೆರಳು. ಒಂದು ಮಗು ಒಂದು ಶಾಲೆಗೆ ತಕ್ಕುದಲ್ಲ ಎಂಬ ಮಾತು ಎಷ್ಟೇ ಸೌಮ್ಯವಾಗಿ ಬಂದರೂ, ಅದು ಮಗುವಿನ ಕಲಿಕೆಯನ್ನು ಕುರಿತದ್ದೋ ಮನೆತನ, ಭಾಷೆ ಮತ್ತು ಹಣವನ್ನು ಕುರಿತದ್ದೋ ಎಂದು ಕೇಳುವ ಅಗತ್ಯ ಈ ಇತಿಹಾಸದಿಂದ ಬಂದಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಗಂಟನ್ನು ಬೇರೊಂದು ತುದಿಯಿಂದ ಬಿಚ್ಚಲು ಹೊರಟರು. ಕಾಯಕವೆಂದರೆ ಕಾಯದಿಂದ, ಎಂದರೆ ದೇಹದಿಂದ, ಮಾಡುವ ಸತ್ಯವಾದ ದುಡಿಮೆ. ಅದೇ ಪೂಜೆಯ ಸ್ಥಾನದಲ್ಲಿ ನಿಂತಾಗ ಜ್ಞಾನಕ್ಕೂ ದುಡಿಯುವ ಕೈಗೂ ನಡುವೆ ಇದ್ದ ಮೇಲುಕೀಳು ಅಲುಗಾಡಿತು. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೆ ನುಲಿ, ನೂಲುವ ಕದಿರ ರೆಮ್ಮವ್ವೆಗೆ ರಾಟೆ, ಅಂಬಿಗರ ಚೌಡಯ್ಯನಿಗೆ ದೋಣಿ ಇವೆಲ್ಲ ಹೊಟ್ಟೆಪಾಡಿನ ಸಾಧನಗಳಾಗಿದ್ದಂತೆ ತತ್ತ್ವವನ್ನು ಯೋಚಿಸುವ ಭಾಷೆಯೂ ಆದವು. ತಾವು ಪಡೆದ ಅರಿವಿಗೆ ಅವರಿಟ್ಟ ಹೆಸರು ಅನುಭಾವ. ಪರ್ಯಾಯ ಶಿಕ್ಷಣದ ಮಾತಾಡುವಾಗ ಯುರೋಪು ಅಮೆರಿಕಗಳ ಹೆಸರುಗಳನ್ನಷ್ಟೇ ಹೇಳುವ ರೂಢಿ ಕನ್ನಡ ನಾಡಿನಲ್ಲಿ ಬೆಳೆದಿರುವುದು ದುಃಖದ ಸಂಗತಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣಕ್ಕಾಗಿ ನಡೆಸಿದ ಪ್ರಯೋಗಗಳೂ ಈ ಪರಂಪರೆಯ ಲೆಕ್ಕಕ್ಕೆ ಸೇರಬೇಕಾದವು.

ಕೈಗೆ ಗೌರವ ಕೊಡುವ ಮಾತು ಯಾರ ಕೈಗಳನ್ನು ಕುರಿತು ಆಡಿದ್ದು ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ನಯೀ ತಾಲೀಮ್, ಎಂದರೆ ಹೊಸ ಶಿಕ್ಷಣ, ಮಾತೃಭಾಷೆಯಲ್ಲಿ ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣವನ್ನು ಒಂದು ಕೈಕಸುಬಿನ ಸುತ್ತ ಕಟ್ಟಬೇಕೆಂದಿತು. ಝಾಕಿರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ಪಾಠದ ಜೊತೆಗೆ ಕಸುಬನ್ನು ಸೇರಿಸುವುದು ಗಾಂಧೀಜಿಯವರ ಉದ್ದೇಶವಾಗಿರಲಿಲ್ಲ. ತಕಲಿಯಲ್ಲಿ ನೂಲುತ್ತಲೇ ಹತ್ತಿಯ ಭೂಗೋಳವನ್ನೂ ನೂಲಿನ ಲೆಕ್ಕವನ್ನೂ ಬಟ್ಟೆಯ ಇತಿಹಾಸವನ್ನೂ ಮಗು ಕಲಿಯಬೇಕು, ಅಕ್ಷರ ಬಲ್ಲವರು ಮೈಮುರಿದು ದುಡಿಯುವವರನ್ನು ಕೀಳಾಗಿ ಕಾಣುವ ರೋಗ ಹೋಗಬೇಕು ಎಂಬುದು ಅವರ ಆಶಯ. ಆದರೆ 1953ರಲ್ಲಿ, ಆಗ ದಕ್ಷಿಣ ಕನ್ನಡವೂ ಸೇರಿದ್ದ ಮದರಾಸು ರಾಜ್ಯದಲ್ಲಿ, ರಾಜಾಜಿಯವರ ಸರ್ಕಾರವು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ತರಗತಿಯ ಹೊತ್ತನ್ನು ತಗ್ಗಿಸಿ ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಗಳ ಕಸುಬನ್ನು ಕಲಿಯಬೇಕೆಂಬ ಯೋಜನೆಯನ್ನು ತಂದಾಗ, ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ದ್ರಾವಿಡ ಚಳವಳಿ ಉಗ್ರವಾಗಿ ಪ್ರತಿಭಟಿಸಿತು. 1954ರಲ್ಲಿ ರಾಜಾಜಿ ಪದವಿಯಿಂದ ಇಳಿದರು, ಅವರ ನಂತರ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು. ತಲೆಮಾರುಗಳಿಂದ ಪುಸ್ತಕವನ್ನಷ್ಟೇ ಹಿಡಿದ ಮನೆಯ ಮಗುವಿಗೆ ಮಡಕೆ ಮಾಡುವುದು ಬಿಡುಗಡೆಯಾಗಬಹುದು. ತಲೆಮಾರುಗಳಿಂದ ಮಡಕೆಯನ್ನೇ ಮಾಡಿದ, ಪುಸ್ತಕವನ್ನು ಮುಟ್ಟುವ ಅವಕಾಶವೇ ಸಿಗದ ಮನೆಯ ಮಗುವಿಗೆ ಅದೇ ಪಾಠವು ಹಳೆಯ ಸಂಕೋಲೆಯಂತೆ ಕಂಡರೆ ಅದು ತಪ್ಪು ತಿಳಿವಳಿಕೆಯಲ್ಲ. ಆದ್ದರಿಂದ ಮೊದಲ ಪೀಳಿಗೆಯಾಗಿ ಶಾಲೆಯ ಮೆಟ್ಟಿಲು ಹತ್ತುತ್ತಿರುವ ಮನೆಯವರು ಮಾಡಿ ಕಲಿಯುವ ಶಾಲೆಯನ್ನು ಸಂದೇಹದಿಂದ ನೋಡಿ, ತಮ್ಮ ಮಗುವಿಗೆ ಓದು, ಬರಹ ಮತ್ತು ಲೆಕ್ಕ ಎಂದು ಬರುತ್ತದೆ ಎಂದು ಮತ್ತೆ ಮತ್ತೆ ಕೇಳಿದರೆ, ಆ ಪ್ರಶ್ನೆಯನ್ನು ಹಿಂದುಳಿದ ಮನೋಭಾವವೆಂದು ತಳ್ಳಿಹಾಕುವ ಶಾಲೆಯೇ ಅಧಿಕಾರವಿಲ್ಲದ್ದು.

ಮಾಡುವುದಕ್ಕೂ ತಿಳಿಯುವುದಕ್ಕೂ ಇರುವ ಸಂಬಂಧವನ್ನು ಕುರಿತು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಮಾಡುವ ಒಂದು ವಿಂಗಡಣೆ, ಅದರ ಮೂಲ ಉದ್ದೇಶ ಬ್ರಹ್ಮಜ್ಞಾನವೇ ಆಗಿದ್ದರೂ, ಇಲ್ಲಿ ಬಹಳ ಉಪಯುಕ್ತವಾದದ್ದು. ಕ್ರಿಯೆಯು ಪುರುಷತಂತ್ರ, ಎಂದರೆ ಮಾಡುವವನ ಇಚ್ಛೆಗೆ ಒಳಪಟ್ಟದ್ದು; ಒಬ್ಬನು ಕುದುರೆಯ ಮೇಲೆ ಹೋಗಬಹುದು, ನಡೆದು ಹೋಗಬಹುದು, ಹೋಗದೆಯೂ ಇರಬಹುದು. ಜ್ಞಾನವು ವಸ್ತುತಂತ್ರ, ಎಂದರೆ ತಿಳಿಯಬೇಕಾದ ವಸ್ತುವು ಹೇಗಿದೆಯೋ ಅದಕ್ಕೆ ಒಳಪಟ್ಟದ್ದು. ಕಂಬವನ್ನು ಕಂಡು ಮನುಷ್ಯನೆಂದುಕೊಳ್ಳುವುದು ನೋಡುವವನ ಇಷ್ಟವಾದರೂ ಅದು ಜ್ಞಾನವಾಗದು. ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮಿನ ಬಡವರ ಬಡಾವಣೆಯಾದ ಸಾನ್ ಲೊರೆಂಜೊದಲ್ಲಿ ಮಕ್ಕಳ ಮನೆಯನ್ನು ತೆರೆದ ಮೇಲೆ ಬೆಳೆಸಿದ ಕಲಿಕೋಪಕರಣಗಳಲ್ಲಿ ಕೆಲಸ ಮಾಡುವ ತತ್ತ್ವವೂ ಇದಕ್ಕೆ ಸಮೀಪದ್ದೇ. ಹತ್ತು ಗುಳಿಗಳಿರುವ ಮರದ ದಿಂಡಿನಲ್ಲಿ ಹತ್ತು ಉರುಳೆಗಳನ್ನು ಕೂರಿಸುವ ಮಗು ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಯ ಉರುಳೆಗೆ ಸರಿಯಾದ ಜಾಗ ಉಳಿಯುವುದಿಲ್ಲ. ತಪ್ಪನ್ನು ತೋರಿಸುವುದು ಶಿಕ್ಷಕಿಯ ಗದರಿಕೆಯಲ್ಲ, ವಸ್ತುವೇ. ಇಂಥ ಉಪಕರಣದ ಮುಂದೆ ಕುಳಿತ ಮಗು ಇನ್ನೊಬ್ಬರ ಮೆಚ್ಚುಗೆಗೆ ಕಾಯದೆ ಸತ್ಯಕ್ಕೆ ತಲೆಬಾಗುವುದನ್ನು ಕಲಿಯುತ್ತದೆ, ಮತ್ತು ಕೈಯಿಂದ ಕಲಿಸುವ ಶಾಲೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಬಹುಶಃ ಇದೇ. ಅದೇ ಅಳತೆಗೋಲನ್ನು ಹಿಡಿದು ನೋಡಿದರೆ, ಕಾಗದ ಕತ್ತರಿಸಿ ಅಂಟಿಸುವ, ಬಣ್ಣ ಬಳಿಯುವ, ಕೊನೆಗೆ ಗೋಡೆಗೆ ತೂಗುಹಾಕಿ ಪೋಷಕರಿಗೆ ತೋರಿಸುವ ಚಟುವಟಿಕೆಗಳಲ್ಲಿ ಹಲವು ಬರಿಯ ಕ್ರಿಯೆಗಳಾಗಿ ಉಳಿಯುತ್ತವೆ, ಏಕೆಂದರೆ ಅಲ್ಲಿ ಮಗುವನ್ನು ಎದುರಿಸಿ ನಿಲ್ಲುವ ವಸ್ತುವೇ ಇಲ್ಲ. 1896ರಲ್ಲಿ ಶಿಕಾಗೊದಲ್ಲಿ ಅಡುಗೆ, ಮರಗೆಲಸ, ನೇಯ್ಗೆಗಳ ಮೂಲಕ ಕಲಿಸುವ ಪ್ರಯೋಗಶಾಲೆಯನ್ನು ಆರಂಭಿಸಿದ ಜಾನ್ ಡ್ಯೂಯಿಯವರೇ, 1938ರ ತಮ್ಮ ಗ್ರಂಥದಲ್ಲಿ, ಎಲ್ಲ ಅನುಭವವೂ ಶಿಕ್ಷಣವಾಗದು, ಮುಂದಿನ ಬೆಳವಣಿಗೆಯನ್ನು ತಡೆಯುವ ಅನುಭವಗಳೂ ಇವೆ ಎಂದು ತಮ್ಮ ಅನುಯಾಯಿಗಳನ್ನು ಎಚ್ಚರಿಸಬೇಕಾಯಿತು.

ಪ್ರತಿಯೊಂದು ಪರ್ಯಾಯ ಶಾಲೆಯ ಹಿಂದೆಯೂ ಮನುಷ್ಯನೆಂದರೆ ಏನು ಎಂಬ ಒಂದು ದರ್ಶನ ಇರುತ್ತದೆ, ಮತ್ತು ಮಗುವನ್ನು ಅಲ್ಲಿಗೆ ಸೇರಿಸುವವರು ತಿಳಿದೋ ತಿಳಿಯದೆಯೋ ಆ ದರ್ಶನವನ್ನು ಒಪ್ಪಿಕೊಂಡಿರುತ್ತಾರೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಸಿಗರೇಟು ಕಾರ್ಖಾನೆಯೊಂದರ ಕಾರ್ಮಿಕರ ಮಕ್ಕಳಿಗಾಗಿ ರುಡಾಲ್ಫ್ ಸ್ಟೈನರ್ ಆರಂಭಿಸಿದ ವಾಲ್ಡಾರ್ಫ್ ಶಾಲೆಯು ಏಳರ ಸುಮಾರಿಗೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿನವರೆಗೆ, ಅಕ್ಷರಪಾಠವನ್ನು ಮುಂದೂಡುವುದಕ್ಕೆ ಕಾರಣ ಬರಿಯ ಮನಶ್ಶಾಸ್ತ್ರವಲ್ಲ. ಜೀವವು ಏಳೇಳು ವರ್ಷಗಳ ಘಟ್ಟಗಳಲ್ಲಿ ದೇಹದೊಳಗೆ ಇಳಿದು ನೆಲೆಗೊಳ್ಳುತ್ತದೆಂಬ, ಪುನರ್ಜನ್ಮವನ್ನೂ ಒಪ್ಪುವ, ಆಂಥ್ರೊಪಾಸಫಿ ಎಂಬ ಆಧ್ಯಾತ್ಮಿಕ ಸಿದ್ಧಾಂತವದು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅಡ್ಯಾರಿಗೆ ಬಂದು ಯುದ್ಧಕಾಲವನ್ನು ಭಾರತದಲ್ಲಿಯೇ ಕಳೆದ ಮಾಂಟೆಸ್ಸರಿಯವರು ಇಲ್ಲಿ ವಿಸ್ತರಿಸಿದ ವಿಶ್ವಶಿಕ್ಷಣದ ಕಲ್ಪನೆಯಲ್ಲಿ, ಸೃಷ್ಟಿಯ ಪ್ರತಿಯೊಂದು ಜೀವಿಗೂ ಒಂದು ಪಾತ್ರವಿದೆಯೆಂಬ ಶ್ರದ್ಧೆ ಇದೆ. ಮದನಪಲ್ಲೆಯ ಸಮೀಪದ ರಿಷಿವ್ಯಾಲಿ ಮತ್ತು ಬೆಂಗಳೂರಿನ ವ್ಯಾಲಿ ಸ್ಕೂಲ್ ಇವುಗಳ ಹಿಂದಿರುವ ಜಿಡ್ಡು ಕೃಷ್ಣಮೂರ್ತಿಯವರ ವಿಚಾರವು ಒಂದು ಮಗುವನ್ನು ಇನ್ನೊಂದರೊಡನೆ ಹೋಲಿಸುವುದನ್ನೇ ಹಿಂಸೆಯೆಂದು ಕಾಣುತ್ತದೆ. ಶಾಲೆಯಲ್ಲಿ ಹೋಲಿಕೆಯಿಲ್ಲದೆ ಬೆಳೆದ ಮಗುವನ್ನು ಮನೆಯಲ್ಲಿ ದೊಡ್ಡಪ್ಪನ ಮಗನ ಅಂಕಗಳೊಡನೆ ಸಂಜೆಯ ಹೊತ್ತು ತೂಗುವುದಾದರೆ, ಆ ಮಗು ಎರಡು ದರ್ಶನಗಳ ನಡುವೆ ಹರಿದುಹೋಗುತ್ತದೆ. ಅಂಥ ಸಂದರ್ಭದಲ್ಲಿ ಶಾಲೆ ಹೊಂದದಿರುವುದು ಮಗುವಿಗಲ್ಲ, ಮನೆಗೆ.

ಮಾಡಿ ಕಲಿಯುವ ಶಿಕ್ಷಣವು ಹೆಚ್ಚು ಶುಲ್ಕ ತೆರಬಲ್ಲವರ ಸೊತ್ತು ಎಂಬ ಭಾವನೆಯೂ ಪೂರ್ತಿ ನಿಜವಲ್ಲ. ರಿಷಿವ್ಯಾಲಿಯ ಸುತ್ತಲಿನ ಹಳ್ಳಿಗಳ ಬಹುವರ್ಗ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿಯು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹರಡಿತು. ಅಲ್ಲಿ ಪಾಠವು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ಒಡೆದಿರುತ್ತದೆ. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಎತ್ತಿಕೊಂಡು, ಶಿಕ್ಷಕರ ಪೂರ್ಣ ಸಹಾಯ ಬೇಕಾದವರ ಗುಂಪಿನಿಂದ ತಾನಾಗಿಯೇ ಕಲಿಯುವವರ ಗುಂಪಿನವರೆಗೆ ತಟ್ಟೆಗಳೆಂದು ಕರೆಯುವ ಐದು ಗುಂಪುಗಳಲ್ಲಿ ತನಗೆ ತಕ್ಕ ಜಾಗದಲ್ಲಿ ಕೂರುತ್ತದೆ. ಅಧಿಕಾರದ ವಿಚಾರಕ್ಕೆ ಈ ಏರ್ಪಾಟು ಕೊಟ್ಟಿರುವ ಉತ್ತರ ಅನೇಕ ತತ್ತ್ವಗ್ರಂಥಗಳ ಉತ್ತರಕ್ಕಿಂತ ಉದಾರವಾದದ್ದು: ಅರ್ಹತೆಯು ಮಗುವಿನ ಹಣೆಯ ಬರಹವಾಗದೆ, ಇಂದು ಈ ಮೆಟ್ಟಿಲಿಗೆ ಎಷ್ಟು ನೆರವು ಬೇಕು ಎಂಬ ದಿನದಿನದ ಲೆಕ್ಕವಾಗುತ್ತದೆ. ಶಿಕ್ಷಕರ ಕೊರತೆಯಿರುವಲ್ಲಿ, ಕಾರ್ಡುಗಳು ಹರಿದು ಕಪಾಟು ಸೇರಿದಲ್ಲಿ, ಅದೇ ಏರ್ಪಾಟು ಹೆಸರಿಗಷ್ಟೇ ಉಳಿಯುತ್ತದೆ ಎಂಬುದೂ ಅಷ್ಟೇ ನಿಜ. ಮನೆಯ ಹತ್ತಿರದ ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಯಲ್ಲಿ ಒಂದು ಬೆಳಗು ಕುಳಿತು ನೋಡದೆ ದೂರದ ಪರ್ಯಾಯ ಶಾಲೆಗೆ ಅರ್ಜಿ ಹಾಕುವವರು ಅರ್ಧ ವಿಚಾರವನ್ನಷ್ಟೇ ಮಾಡಿದಂತಾಗುತ್ತದೆ.

ನೋಡುವಾಗ ಏನನ್ನು ನೋಡಬೇಕು ಎಂಬಲ್ಲಿ ಕಠೋಪನಿಷತ್ತು ಮಾಡುವ ಶ್ರೇಯಸ್ಸು ಮತ್ತು ಪ್ರೇಯಸ್ಸುಗಳ ಭೇದ ನೆರವಾಗುತ್ತದೆ. ಪ್ರೇಯಸ್ಸೆಂದರೆ ಆ ಹೊತ್ತಿಗೆ ಹಿತವೆನಿಸುವುದು, ಶ್ರೇಯಸ್ಸೆಂದರೆ ನಿಜವಾಗಿ ಒಳಿತನ್ನು ಮಾಡುವುದು. ಮಗು ಶಾಲೆಯಿಂದ ನಗುತ್ತ ಬರುತ್ತದೆ ಎಂಬುದೊಂದರಿಂದಲೇ ಶಾಲೆ ಹೊಂದಿತೆಂದು ತಿಳಿಯುವುದು ಒಂದು ತಪ್ಪಾದರೆ, ಅಳುತ್ತ ಕಲಿತದ್ದೇ ನಿಲ್ಲುತ್ತದೆಂದು ತಿಳಿಯುವುದು ಅದಕ್ಕಿಂತ ಕ್ರೂರವಾದ ತಪ್ಪು. ಕೆಲಸವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೆಲವು ಮಕ್ಕಳಿಗೆ ಉಸಿರಾದರೆ, ಏನು ಮಾಡಬೇಕೆಂದು ಯಾರಾದರೂ ಬಿಡಿಸಿ ಹೇಳಿದಾಗಲೇ ನೆಮ್ಮದಿಗೊಳ್ಳುವ ಮಕ್ಕಳಿಗೆ ಅದು ಭಾರ. ಮಣ್ಣು, ಗದ್ದಲ ಮತ್ತು ಗುಂಪುಗಳಿಂದ ಸರಿದು ಮೂಲೆಯಲ್ಲಿ ಪುಸ್ತಕ ಹಿಡಿಯುವ ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ. ಎಲ್ಲ ಮಕ್ಕಳೂ ತಮ್ಮ ತಮ್ಮ ಹೊತ್ತಿಗೆ ಓದುತ್ತಾರೆ ಎನ್ನುವ ಶಾಲೆಯಲ್ಲಿ, ಅಕ್ಷರಗಳು ಕಣ್ಣಿಗೆ ಕದಲುವಂಥ ತೊಡಕಿರುವ ಮಗುವಿಗೆ ಸಿಗಬೇಕಾದ ನೆರವು ಎರಡು ಮೂರು ವರ್ಷ ತಡವಾಗಬಹುದು. ಕಾಯುವುದು ಬೇರೆ, ನೋಡದಿರುವುದು ಬೇರೆ. ಕಾಯುತ್ತಿರುವ ಶಿಕ್ಷಕಿಯು ಆ ಮಗು ನಿನ್ನೆ ಏನನ್ನು ಎತ್ತಿಕೊಂಡಿತು, ಏನನ್ನು ಬಿಟ್ಟಿತು, ಎಲ್ಲಿ ತಡೆಯಿತು ಎಂದು ಕೇಳಿದ ಕೂಡಲೇ ಹೇಳಬಲ್ಲಳು. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ದಾರಿಯಿದೆ, ಬೇರೆ ಶಾಲೆಗೆ ಹೋಗುವ ದಾರಿಯೂ ಇದೆ; ಬಾಗಿಲು ಎರಡೂ ಕಡೆಗೆ ತೆರೆಯುತ್ತದೆಂದು ತಿಳಿದವರು ಮೊದಲ ನಿರ್ಧಾರವನ್ನು ಕೊನೆಯ ನಿರ್ಧಾರವೆಂಬಂತೆ ಹೊತ್ತು ನಲುಗಬೇಕಾಗಿಲ್ಲ.

ಅದೇ ಕಠೋಪನಿಷತ್ತಿನಲ್ಲಿ ಯಜ್ಞದಲ್ಲಿ ತಂದೆ ದಾನ ಮಾಡುತ್ತಿದ್ದಾಗ ಬಾಲಕ ನಚಿಕೇತನು, ತನ್ನನ್ನು ಯಾರಿಗೆ ಕೊಡುತ್ತೀಯೆಂದು ಮೂರು ಸಲ ಕೇಳುತ್ತಾನೆ, ಮತ್ತು ತಂದೆ ಸಿಟ್ಟಿನಲ್ಲಿ ಮೃತ್ಯುವಿಗೆ ಎನ್ನುತ್ತಾನೆ. ಶಾಲೆಗೆ ಸೇರಿಸುವುದೂ ಒಂದು ಬಗೆಯ ಕೊಡುವಿಕೆಯೇ, ಮತ್ತು ಆ ಪ್ರಶ್ನೆಯನ್ನು ಬಾಯಲ್ಲಿ ಕೇಳಲಾರದ ಮಕ್ಕಳು ಹೊಟ್ಟೆನೋವಿನಿಂದಲೋ ಮೌನದಿಂದಲೋ ಕೇಳುತ್ತಾರೆ. ತಾವು ಬಾಲ್ಯದಲ್ಲಿ ತಿಂದ ಛಡಿಯೇಟಿಗೆ ಮಗುವಿನ ಸ್ವಾತಂತ್ರ್ಯದಲ್ಲಿ ಮದ್ದು ಹುಡುಕುವ ತಂದೆತಾಯಿಗಳಿದ್ದಾರೆ; ಅವರ ನೋವು ನಿಜವಾದದ್ದು, ಆದರೆ ಅವರು ಶಾಲೆಗೆ ಸೇರಿಸುತ್ತಿರುವುದು ಎದುರಿಗಿರುವ ಮಗುವನ್ನೋ ತಾವೇ ಆಗಿದ್ದ ಮಗುವನ್ನೋ ಎಂಬುದನ್ನು ವಿಂಗಡಿಸಿಕೊಳ್ಳದೆ ನ್ಯಾಯವಾದ ನಿರ್ಧಾರ ಸಾಧ್ಯವಿಲ್ಲ.

ಗುರುಗಳಿಂದಲೂ ಈ ತಪ್ಪು ಆಗಬಲ್ಲದು ಎಂಬುದನ್ನು ಛಾಂದೋಗ್ಯವು ಸತ್ಯಕಾಮನ ಕಥೆಯ ಬೆನ್ನಿಗೇ ಹೇಳುತ್ತದೆ, ಮತ್ತು ಇಲ್ಲಿ ಆ ಗುರು ಸತ್ಯಕಾಮನೇ. ಹಸುಗಳ ನಡುವೆ, ಮನುಷ್ಯರಾರೂ ಹೇಳಿಕೊಡದೆ ಕಲಿತ ಆ ಹುಡುಗ ಈಗ ಆಚಾರ್ಯನಾಗಿದ್ದಾನೆ; ಉಪಕೋಸಲನೆಂಬ ಶಿಷ್ಯನು ಹನ್ನೆರಡು ವರ್ಷ ಅವನ ಅಗ್ನಿಗಳನ್ನು ನೋಡಿಕೊಂಡಿದ್ದಾನೆ. ಉಳಿದ ಶಿಷ್ಯರಿಗೆ ವಿದ್ಯೆ ಮುಗಿಸಿ ಮನೆಗೆ ಕಳುಹಿಸಿದ ಆಚಾರ್ಯನು ಇವನೊಬ್ಬನಿಗೆ ಏನನ್ನೂ ಹೇಳಿಕೊಡದೆ ಪ್ರಯಾಣ ಹೊರಟುಹೋಗುತ್ತಾನೆ. ತನಗೆ ಹೊಂದಿದ ದಾರಿ ಇವನಿಗೂ ಹೊಂದುತ್ತದೆಂದು ಅವನು ಭಾವಿಸಿದನೋ ಏನೋ, ಉಪನಿಷತ್ತು ಕಾರಣವನ್ನು ಹೇಳುವುದಿಲ್ಲ. ಈ ಹುಡುಗ ಬಳಲಿದ್ದಾನೆ, ಅಗ್ನಿಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ, ಅವನಿಗೆ ಹೇಳಿಕೊಡಿ ಎಂದು ಮೊದಲೇ ಎಚ್ಚರಿಸಿದ್ದವಳು ಆಚಾರ್ಯನ ಹೆಂಡತಿ. ಶಿಷ್ಯನು ದುಃಖದಿಂದ ಊಟ ಬಿಟ್ಟಾಗ ಏಕೆ ಉಣ್ಣುತ್ತಿಲ್ಲವೆಂದು ಕೇಳಿದವಳೂ ಅವಳೇ. ಅನಂತರ ಅಗ್ನಿಗಳು ತಾವೇ ಕನಿಕರಗೊಂಡು ಅವನಿಗೆ ಕಲಿಸಿ, ಮುಂದಿನ ಗತಿಯನ್ನು ಆಚಾರ್ಯನು ಹೇಳುವನೆಂದು ನಿಲ್ಲಿಸುತ್ತವೆ. ಹಿಂತಿರುಗಿ ಬಂದ ಆಚಾರ್ಯನು ಶಿಷ್ಯನ ಮುಖದ ಕಾಂತಿಯನ್ನು ಕಂಡು, ಯಾರು ಕಲಿಸಿದರೆಂದು ಕೇಳಿ ತಿಳಿದು, ಅವು ಹೇಳದೆ ಬಿಟ್ಟದ್ದನ್ನು ತಾನು ಹೇಳಲು ಕೂರುತ್ತಾನೆ.